ಹೊರದೇಶದ ಟಪಾಲಿನ ಸೋಡಿ ಯಾರ ಪಾಲಿಗೆ?

(ಗದಗ-ಬೆಟಗೇರಿಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಹೊರದೇಶದ ಟಪಾಲು ದರದ ಮೇಲೆ ಭಾಷಣವೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನೂಲಿನ ಬೆಲೆ, ವಿದ್ಯುತ್ತಿನ ಬಿಲ್ಲು, ಅಂಗಡಿಯ ಬಾಡಿಗೆ ಇವೆಲ್ಲ ಬಿಟ್ಟು ಇದೆಲ್ಲಿಯ ಮಾತು ಎಂದು ಕೇಳಬಹುದು. ಕೇಳುವವರು ಒಂದು ಸಂಜೆ ನಮ್ಮ ಓಣಿಗಳಲ್ಲಿ ಅಡ್ಡಾಡಿ ನೋಡಲಿ. ಪಾಳಿ ಮುಗಿಸಿ ಬಂದವನ ಮನೆಯಲ್ಲಿ ಹೆಂಡತಿ ಕಸೂತಿ ಹಾಕುತ್ತಾಳೆ. ಮಗಳು ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕೆ ಇಡುತ್ತಾಳೆ. ಕೊಳ್ಳುವವರು ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಇರುವ ನಮ್ಮದೇ ಕನ್ನಡದ ಮಂದಿ. ಖಣದ ಕುಪ್ಪಸ, ಕೈಮಗ್ಗದ ಸೀರೆ, ಕೌದಿ, ಎಲ್ಲಕ್ಕೂ ಗಿರಾಕಿ ಇದ್ದಾರೆ. ದರ ಕೇಳಿ ಒಪ್ಪುತ್ತಾರೆ. ಆಮೇಲೆ ಟಪಾಲು ಖರ್ಚು ಎಷ್ಟೆಂದು ಕೇಳುತ್ತಾರೆ. ಅಲ್ಲಿಗೆ ವ್ಯಾಪಾರ ಮುರಿಯುತ್ತದೆ.

ಆದಕಾರಣ ಈ ಖರ್ಚು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯೋಣ. ತಿಳಿಯದವನು ತಕ್ಕಡಿಯ ಮುಂದೆ ಕುರುಡ.

ಎರಡು ಕಿಲೋದ ಒಳಗಿನ ಸಾಮಾನಿಗೆ ನಮ್ಮ ಅಂಚೆ ಇಲಾಖೆಯಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್ ಎಂಬುದೊಂದು ಇದೆ. ಅದರ ದರ ಐವತ್ತು ಐವತ್ತು ಗ್ರಾಮಿನ ಮೆಟ್ಟಿಲಲ್ಲಿ ಏರುತ್ತದೆ. ಎಲ್ಲ ದೇಶಗಳಿಗೂ ಅದು ಇಲ್ಲ. ಹೊರದೇಶದ ಸ್ಪೀಡ್ ಪೋಸ್ಟ್ ಇನ್ನೊಂದು. ಅದು ಹೆಚ್ಚು ದೇಶಗಳಿಗೆ ಹೋಗುತ್ತದೆ, ಬೇಗ ಮುಟ್ಟುತ್ತದೆ, ಆದರೆ ಅದರ ಮೆಟ್ಟಿಲು 250 ಗ್ರಾಮಿನದು. ಈಗ ಒಂದು ಸೀರೆಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ತೂಗಿದಿರಿ, 510 ಗ್ರಾಮು ಬಂತು ಎನ್ನಿ. ಸ್ಪೀಡ್ ಪೋಸ್ಟಿನಲ್ಲಿ 750 ಗ್ರಾಮಿನ ಹಣ ಕೊಡಬೇಕು. ಪ್ಯಾಕೆಟ್ಟಿನಲ್ಲಿ 550ರದು. ಅದೇ ಸೀರೆಯನ್ನು ಡಬ್ಬಿ ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರೆ ಐನೂರರ ಒಳಗೇ ನಿಲ್ಲುತ್ತದೆ. ಹತ್ತು ಗ್ರಾಮು ರಟ್ಟಿಗಾಗಿ ನಾವು ಕಾಲು ಕಿಲೋ ಗಾಳಿಯನ್ನು ಸಮುದ್ರ ದಾಟಿಸುತ್ತಿದ್ದೇವೆ! ಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳಿರಿ. ಮೊದಲ ತಿಂಗಳಲ್ಲೇ ಅದರ ಬೆಲೆ ಹೊರಡುತ್ತದೆ.

ಖಾಸಗಿ ಕೊರಿಯರಿನವರದು ಬೇರೆ ಲೆಕ್ಕ. ಅವರು ತೂಕವನ್ನೂ ನೋಡುತ್ತಾರೆ, ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 40, 30, 15ರ ಡಬ್ಬಿಯೆಂದರೆ 3.6 ಕಿಲೋ. ಒಳಗೆ ಒಂದೇ ಕಿಲೋ ಬೊಂಬೆ ಇದ್ದರೂ ಸರಿ, 3.6ರ ದುಡ್ಡು ಎಣಿಸಬೇಕು.

ಇಷ್ಟು ಕೈಚಳಕದಿಂದ ಉಳಿಯುವುದು ಸ್ವಲ್ಪ. ದೊಡ್ಡ ಉಳಿತಾಯ ಇರುವುದು ಸೋಡಿಯಲ್ಲಿ. ಅಂಚೆಯಲ್ಲಾಗಲಿ ಕೊರಿಯರಿನಲ್ಲಾಗಲಿ, ಕರಾರು ಮಾಡಿಕೊಂಡು ತಿಂಗಳಿಗೆ ಇಂತಿಷ್ಟು ವ್ಯಾಪಾರ ಕೊಡುವ ಗಿರಾಕಿಗೆ ಶೇಕಡಾವಾರು ರಿಯಾಯಿತಿ ಉಂಟು. ಹೆಚ್ಚು ಕಳಿಸಿದವರಿಗೆ ಹೆಚ್ಚು. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ತಿಂಗಳಿಗೆ ಆರು ಪಾರ್ಸಲು ಕಳಿಸುವ ನಮ್ಮ ಅಕ್ಕ ಮೊದಲ ಮೆಟ್ಟಿಲನ್ನೇ ಮುಟ್ಟಲಾರಳು. ಪೂರ್ತಿ ದರ ಕೊಡುವವಳು ಆಕೆ. ಸಾವಿರ ಪಾರ್ಸಲು ಕಳಿಸುವ ಕಂಪನಿಗೆ ಸೋಡಿ. ಕೌಂಟರಿನ ಗೋಡೆಯ ಮೇಲೆ ತೂಗುವ ದರಪಟ್ಟಿ ಬಡವನ ದರಪಟ್ಟಿ. ದೊಡ್ಡವರ ದರ ಕರಾರು ಪತ್ರದಲ್ಲಿ ಇರುತ್ತದೆ.

ನಮ್ಮ ಕಣ್ಣೆದುರಿಗೇ ನಡೆದದ್ದನ್ನು ಹೇಳುತ್ತೇವೆ. ನಮ್ಮ ಓಣಿಗೆ ಒಬ್ಬ ಏಜೆಂಟರು ಬರುತ್ತಿದ್ದರು. ಮನೆಬಾಗಿಲಿಗೇ ಬಂದು ಪಾರ್ಸಲು ಒಯ್ಯುತ್ತಿದ್ದರು. ನಾವೆಲ್ಲ ಉಪಕಾರವೆಂದೇ ತಿಳಿದಿದ್ದೆವು. ಕೌಂಟರಿನ ದರವನ್ನೇ ಇಸಕೊಳ್ಳುತ್ತಿದ್ದರು, ಒಂದು ಪೈಸೆ ಹೆಚ್ಚಿಲ್ಲ. ಒಂದು ಸಲ ಒಬ್ಬ ಹುಡುಗ ಹಟ ಹಿಡಿದು ರಸೀತಿ ಕೇಳಿದ. ಹದಿನೈದು ದಿನ ಸತಾಯಿಸಿ ಕೊನೆಗೆ ತೋರಿಸಿದ ಕಾಗದದಲ್ಲಿ ಏಜೆಂಟರ ಹೆಸರಿನ ಖಾತೆ, ಅದರ ಮೇಲೆ ರಿಯಾಯಿತಿ! ನಮ್ಮ ಇಪ್ಪತ್ತು ಮನೆಗಳ ಪಾರ್ಸಲು ಕೂಡಿಸಿ ಅವರು ದೊಡ್ಡ ಗಿರಾಕಿಯಾಗಿದ್ದರು. ಅವರನ್ನು ಬೈದು ಫಲವಿಲ್ಲ. ಒಟ್ಟುಗೂಡಿಸುವ ಕೆಲಸವನ್ನು ನಾವು ಮಾಡಲಿಲ್ಲ, ಅವರು ಮಾಡಿದರು, ಕೂಲಿ ತೆಗೆದುಕೊಂಡರು. ಅಮೆರಿಕದಲ್ಲಿ ಇದೇ ಕೆಲಸವನ್ನು ಕಂಪ್ಯೂಟರ್ ಕಂಪನಿಗಳು ಮಾಡುತ್ತವೆ: ಸಾವಿರಾರು ಸಣ್ಣ ಅಂಗಡಿಗಳ ಪಾರ್ಸಲುಗಳನ್ನು ತಮ್ಮ ಕರಾರಿನ ಕೆಳಗೆ ತಂದು, ಅಂಚೆಯಿಂದ ಬಂದ ಸೋಡಿಯಲ್ಲಿ ಒಂದು ಪಾಲನ್ನಾದರೂ ಅಂಗಡಿಯವರಿಗೆ ಬಿಡುತ್ತವೆ. ನಮ್ಮ ಏಜೆಂಟರು ಅಷ್ಟನ್ನೂ ಬಿಡಲಿಲ್ಲ.

ದರವೆಂಬುದು ದೇವರು ಬರೆದದ್ದೇನೂ ಅಲ್ಲ, ಸರಕಾರಗಳು ಕೂತು ಬರೆದದ್ದು. ನಮ್ಮ ದೇಶದಲ್ಲಿ 1854ರಲ್ಲಿ ದೂರ ನೋಡದೆ ಒಂದೇ ದರದಲ್ಲಿ, ಅರ್ಧ ಆಣೆಗೆ, ಹಗುರ ಕಾಗದ ಒಯ್ಯುವ ಪದ್ಧತಿ ಬಂತು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದಲ್ಲಿ 22 ದೇಶಗಳು ಕೂಡಿ, ಟಪಾಲಿನ ಮಟ್ಟಿಗೆ ತಮ್ಮ ನೆಲವೆಲ್ಲ ಒಂದೇ ಎಂದು ಒಪ್ಪಂದ ಬರೆದವು. 1876ರಲ್ಲಿ ಭಾರತವೂ ಸೇರಿತು. ಕಳಿಸಿದ ದೇಶ ಅಂಚೆಚೀಟಿಯ ಹಣ ಇಟ್ಟುಕೊಳ್ಳಬೇಕು, ಮುಟ್ಟಿಸುವ ದೇಶ ಪುಕ್ಕಟೆ ಮುಟ್ಟಿಸಬೇಕು. ಕಾಗದಕ್ಕೆ ಮರುಕಾಗದ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ. 1969ರ ಟೋಕಿಯೋ ಸಮ್ಮೇಳನದಲ್ಲಿ ಆ ನಂಬಿಕೆ ಬಿಟ್ಟು, ಮುಟ್ಟಿಸುವ ದೇಶಕ್ಕೆ ಕೂಲಿ ಕೊಡಬೇಕೆಂದು ಗೊತ್ತುಮಾಡಿದರು. ಮುಂದೆ ಬಡ ದೇಶಗಳಿಗೆ ಈ ಕೂಲಿಯಲ್ಲಿ ಕಡಿಮೆ ದರವನ್ನೂ ಇಟ್ಟರು.

ಆಮೇಲೆ ಕಾಗದ ಬರೆಯುವವರು ಕಡಿಮೆಯಾದರು, ಸಣ್ಣ ಸಣ್ಣ ಸಾಮಾನಿನ ಪೊಟ್ಟಣಗಳು ಹೊಳೆಯಾಗಿ ಹರಿದವು, ಮುಖ್ಯವಾಗಿ ಚೀನಾದಿಂದ. ಚೀನಾದಿಂದ ಅಮೆರಿಕಕ್ಕೆ ಒಂದು ಸಣ್ಣ ಪೊಟ್ಟಣ ಬರುವ ಖರ್ಚು, ಅಮೆರಿಕದ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಖರ್ಚಿಗಿಂತ ಕಡಿಮೆಯಾಯಿತು. ಅಲ್ಲಿಯ ಸಣ್ಣ ವ್ಯಾಪಾರಿಗಳು ಕೂಗೆಬ್ಬಿಸಿದರು. ಅವರ ಕೂಗು ಸುಳ್ಳಲ್ಲ. 2018ರಲ್ಲಿ ಅಮೆರಿಕ ಈ ಒಕ್ಕೂಟವನ್ನೇ ಬಿಡುತ್ತೇವೆಂದು ನೋಟೀಸು ಕೊಟ್ಟಿತು; 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ವಿಶೇಷ ಸಭೆ ಕೂಡಿತು; 2020ರ ಜುಲೈಯಿಂದ ಅಮೆರಿಕ ತನ್ನ ಕೂಲಿಯನ್ನು ತಾನೇ ಗೊತ್ತುಮಾಡತೊಡಗಿತು. ಚೀನಾದ ದೊಡ್ಡ ಕಂಪನಿಗಳ ಮೇಲೆ ಎತ್ತಿದ ಕೋಲು ಬೆಟಗೇರಿಯ ಕಸೂತಿಯ ಮೇಲೂ ಬಿತ್ತು.

2025ರಲ್ಲಿ ಇನ್ನೊಂದು ಏಟು. 800 ಡಾಲರಿನ ಒಳಗಿನ ಸಾಮಾನಿಗೆ ಅಮೆರಿಕದಲ್ಲಿ ಇದ್ದ ಸುಂಕದ ಮಾಫಿ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ರದ್ದಾಯಿತು. ಸುಂಕ ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಗೊತ್ತಿಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಸಾಮಾನು ಒಯ್ಯುವುದನ್ನು ನಿಲ್ಲಿಸಿತು. ದೀಪಾವಳಿಯ ಮುಂಚಿನ ವ್ಯಾಪಾರವೆಲ್ಲ ಮನೆಯಲ್ಲೇ ಗಂಟುಕಟ್ಟಿ ಕೂತಿತು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದಾಗ, ಕಳಿಸುವವರೇ ಇಲ್ಲಿ ಸುಂಕವನ್ನು ಮುಂಗಡ ಕಟ್ಟುವ ಪದ್ಧತಿ ಬಂತು. ಆಗ ಅದು ಬರೆಸಿದ ಬೆಲೆಯ ಶೇಕಡಾ 50. ಈ ಸುಂಕ ಮನಬಂದಂತೆ ಬದಲಾಗುವಂಥದು. ಹಾಗಾಗಿ ಗಿರಾಕಿಗೆ ದರ ಹೇಳುವ ಮುಂಚೆ ಅಂದಿನ ಸುಂಕವನ್ನು ಅಂದೇ ವಿಚಾರಿಸಬೇಕು. ಮಾರಿದ ಸಾಮಾನನ್ನು ಕಾಣಿಕೆಯೆಂದು ಬರೆಸಿ ತಪ್ಪಿಸಿಕೊಳ್ಳುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಬೇಡಿರಿ. ಸಿಕ್ಕಿಬಿದ್ದರೆ ಸಾಮಾನೂ ಹೋಯಿತು, ಹೆಸರೂ ಹೋಯಿತು.

ಈಗ ನಮ್ಮ ಕೈಯಲ್ಲಿ ಏನಿದೆ? ಬರ್ನಿನಲ್ಲೋ ವಾಷಿಂಗ್ಟನ್ನಿನಲ್ಲೋ ನಮ್ಮ ಮಾತು ನಡೆಯುವುದಿಲ್ಲ. ಆದರೆ ಸೋಡಿಯ ಮೆಟ್ಟಿಲು ಹತ್ತುವುದು ನಮ್ಮ ಕೈಯಲ್ಲೇ ಇದೆ. ಲೆಕ್ಕಕ್ಕಾಗಿ ಒಂದು ಪಾರ್ಸಲಿಗೆ 800 ರೂಪಾಯಿ ಎಂದು ಹಿಡಿಯಿರಿ. ಒಬ್ಬಾಕೆಯ ಆರು ಪಾರ್ಸಲಿಗೆ 4,800. ಇಪ್ಪತ್ತು ಮನೆ ಕೂಡಿದರೆ 120 ಪಾರ್ಸಲು, 96,000 ರೂಪಾಯಿ. ನೂರಕ್ಕೆ ಹತ್ತು ಸೋಡಿ ಸಿಕ್ಕರೆ ತಿಂಗಳಿಗೆ 9,600 ಉಳಿಯಿತು, ಮನೆಗೆ 480. ಏಜೆಂಟರ ಜೇಬಿಗೆ ಹೋದದ್ದು ಇಂಥ ದುಡ್ಡೇ.

ಇದಕ್ಕೆ ಒಂದು ಸೊಸೈಟಿ ಬೇಕು. ಅಂಚೆಯ ಕರಾರು ಅದರ ಹೆಸರಲ್ಲಿ, ರಫ್ತಿನ ಕೋಡು ಅದರ ಹೆಸರಲ್ಲಿ, ಹೊರದೇಶದ ಹಣ ಬರುವ ಬ್ಯಾಂಕ್ ಖಾತೆಯೂ ಅದರ ಹೆಸರಲ್ಲಿ. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳೆಂದು ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ತೆರೆದಿದೆ. ಕಸ್ಟಮ್ಸಿನ ಕಾಗದವನ್ನು ಕಂಪ್ಯೂಟರಿನಲ್ಲೇ ತುಂಬಬಹುದು, ಅದಕ್ಕಾಗಿ ದೊಡ್ಡ ಊರಿನ ವಿದೇಶಿ ಅಂಚೆ ಕಚೇರಿಯವರೆಗೆ ಅಲೆಯಬೇಕಿಲ್ಲ. ಆದರೆ ಆ ಕಾಗದ ತುಂಬಲು ಬರುವವರು ನಮ್ಮಲ್ಲಿ ನಾಲ್ಕು ಮಂದಿ ಇಲ್ಲ. ಸೊಸೈಟಿಯಾದರೆ ಒಬ್ಬ ಹುಡುಗಿ ಕಲಿತರೂ ಇಪ್ಪತ್ತು ಮನೆಗೆ ಸಾಕು.

ಹಣದ ವಿಷಯದಲ್ಲಿ ಜಗಳ ಬಾರದೆ ಇದ್ದೀತೇ ಎಂದು ಹಿರಿಯರೊಬ್ಬರು ಮೊನ್ನೆ ಕೇಳಿದರು. ಬಂದೀತು. ಯಾರ ಪಾರ್ಸಲು ಎಷ್ಟು ತೂಗಿತು, ಎಷ್ಟು ಸೋಡಿ ಬಂತು ಎಂಬುದನ್ನು ಗೋಡೆಗೆ ಬರೆದು ಹಚ್ಚಿದರೆ ಅರ್ಧ ಜಗಳ ಹುಟ್ಟುವುದಿಲ್ಲ. ಉಳಿದರ್ಧವನ್ನು ಕೂತು ಬಗೆಹರಿಸಬೇಕು. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಈ ಪ್ರಶ್ನೆ ಕೇಳಿದವರು ಇದ್ದೇ ಇದ್ದಿರಬೇಕು. ಬೈಸಿಕಲ್ ಅಂತರದಲ್ಲಿರುವ ಊರು ಅದು.

ಸರಕಾರದ ಮುಂದೆ ನಾವು ಇಡುವ ಬೇಡಿಕೆ ಒಂದೇ. ಸಹಕಾರ ಸಂಘದ ಅಥವಾ ಮಹಿಳಾ ಗುಂಪಿನ ಸದಸ್ಯರು ಯಾವ ಅಂಚೆ ಕಚೇರಿಯಲ್ಲಿ ಕೊಟ್ಟರೂ ಎಲ್ಲರ ಪಾರ್ಸಲುಗಳನ್ನು ಕೂಡಿಸಿ ಒಂದೇ ಲೆಕ್ಕದಲ್ಲಿ ಸೋಡಿ ಕೊಡಬೇಕು. ಮೊದಲ ಮೆಟ್ಟಿಲು ಅವರ ಕಾಲಿಗೆ ಎಟುಕುವಷ್ಟು ಕೆಳಗಿರಬೇಕು.

ಈ ತಿಂಗಳು ನೀವೆಲ್ಲ ಒಂದು ಕೆಲಸ ಮಾಡಿರಿ. ಯಾವ ದೇಶಕ್ಕೆ, ಎಷ್ಟು ಗ್ರಾಮು, ಎಷ್ಟು ಹಣ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ, ರಸೀತಿಗಳನ್ನು ಬಿಸಾಡಬೇಡಿರಿ. ತಿಂಗಳ ಕೊನೆಯ ರವಿವಾರ ಅವನ್ನೆಲ್ಲ ಇಲ್ಲಿಗೆ ತನ್ನಿರಿ. ಕೂಡಿಸಿ ನೋಡಿ, ಆ ಕಾಗದ ಹಿಡಿದುಕೊಂಡು ಸೋಮವಾರ ಹೆಡ್ ಪೋಸ್ಟಾಫೀಸಿಗೆ ಹೋಗಿ ಕರಾರಿನ ಮಾತು ಎತ್ತೋಣ.