ಉಕ್ಕಿನ ಓದು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಮಾತನಾಡಲು ಕರೆದಾಗ ಹಿಂಜರಿದದ್ದು ನಿಜ. ನಾವು ಓದಿದ್ದು ಮೆಟ್ರಿಕ್ಕಿನವರೆಗೆ. ಹಗಲು ಒಂದು ಉಕ್ಕಿನ ರೋಲಿಂಗ್ ಮಿಲ್ಲಿನಲ್ಲಿ ಗುಮಾಸ್ತಗಿರಿ; ಸಂಜೆ ಈ ವಾಚನಾಲಯದ ಬೀಗ ತೆಗೆದು ಪತ್ರಿಕೆಗಳನ್ನು ಜೋಡಿಸಿಡುವ ಸೇವೆ. ಇಂಥವರು ಇಂಜಿನಿಯರಿಂಗ್ ಪದವಿಯ ವಿಷಯ ಎತ್ತುವುದು ಅಧಿಕಪ್ರಸಂಗವೇ ಸರಿ. ಆದರೂ ಒಪ್ಪಿಕೊಂಡೆವು. ಕಾರಣ, ಹೋದ ವಾರ ಇದೇ ಮೇಜಿನ ಬಳಿ ನಡೆದ ಒಂದು ಮಾತು.

ನಮ್ಮ ಸದಸ್ಯರೊಬ್ಬರ ಮಗನಿಗೆ ಇಲ್ಲಿಯೇ ಪುಣೆಯಲ್ಲಿ ಮೆಟಲರ್ಜಿ ಮತ್ತು ಮಟೀರಿಯಲ್ಸ್ ಶಾಖೆಯಲ್ಲಿ ಸೀಟು ಸಿಕ್ಕಿದೆ. ಕಂಪ್ಯೂಟರ್ ಶಾಖೆ ಸಿಗಲಿಲ್ಲವೆಂದು ತಂದೆಗೆ ಸಮಾಧಾನವಿಲ್ಲ. "ಏನ್ರೀ ಕ್ಲಾರ್ಕ ಸಾಹೇಬ್ರ, ಇಪ್ಪತ್ತು ವರ್ಷ ಭಟ್ಟಿ ಮುಂದ ನಾ ನಿಂತದ್ದು ಸಾಲ್ದೇನು? ಇಂವಾನೂ ಅಲ್ಲೇ ಬಂದು ನಿಂದರಬೇಕೇನು?" ಎಂದರು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಸೀಟು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಇನ್ನು ನಾಲ್ಕಾರು ದಿನಗಳಲ್ಲಿ ಅವರು ತೀರ್ಮಾನಿಸಬೇಕು. ನಮ್ಮ ಮಾತು ಮುಖ್ಯವಾಗಿ ಆ ಹಿರಿಯರಿಗೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಪ್ರಯೋಗಶಾಲೆಯಿಂದ ಬಂದ ಅಂಕಿಗಳನ್ನು ಟೆಸ್ಟ್ ಸರ್ಟಿಫಿಕೇಟಿಗೆ ಇಳಿಸುವುದು ನಮ್ಮ ಕೆಲಸ. ಹೀಟ್ ನಂಬರು, ಇಂಗಾಲ ಇಷ್ಟು, ಮ್ಯಾಂಗನೀಸ್ ಇಷ್ಟು, ಗಂಧಕ ಇಷ್ಟು. ಅರ್ಥ ತಿಳಿಯದೆ ಮಂತ್ರ ಹೇಳುವವರಂತೆ ವರ್ಷಗಟ್ಟಲೆ ಬರೆದೆವು. ಒಂದು ಸಲ ಎರಡು ಹೀಟುಗಳ ಕಾಗದಗಳು ಅದಲುಬದಲಾದವು. ಶೇಕಡಾ 0.20 ಇಂಗಾಲವಿದ್ದ ಸರಳುಗಳ ಜೊತೆಗೆ 0.45 ಎಂದು ಬರೆದ ಸರ್ಟಿಫಿಕೇಟು ಹೋಯಿತು. ಗಿರಾಕಿಗಳು ಷಾಫ್ಟು ಮಾಡಿ, ಕಾಯಿಸಿ, ಅದ್ದಿ ನೋಡಿದರೆ ಬೇಕಾದ ಗಡಸುತನ ಬರಲೇ ಇಲ್ಲ. ಮಾಲು ಲಾರಿಯಲ್ಲಿ ವಾಪಸು ಬಂತು. ನಮ್ಮ ಕೈಗೆ ಮೆಮೋ ಬಂತು. ನೂರು ಕಿಲೋ ಉಕ್ಕಿನಲ್ಲಿ ಕಾಲು ಕಿಲೋ ಇಂಗಾಲದ ವ್ಯತ್ಯಾಸ! ಇಷ್ಟಕ್ಕೇ ಇಷ್ಟೊಂದು ರಂಪವೇ ಎಂದು ನಮಗೆ ಸಿಟ್ಟು ಬಂದಿತ್ತು.

ಆ ಸಿಟ್ಟನ್ನು ಇಳಿಸಿದವನು ಈ ವಾಚನಾಲಯದಲ್ಲಿ ಸಂಜೆ ಓದಲು ಬರುವ, ಅದೇ ಶಾಖೆಯ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ. ಅವನು ಹಳೆಯ ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದ. ಕಬ್ಬಿಣದ ಪರಮಾಣುಗಳು ಒಂದು ಕ್ರಮದಲ್ಲಿ ಕುಳಿತಿರುತ್ತವೆ. 912 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಆ ಕ್ರಮವೇ ಬದಲಾಗುತ್ತದೆ. ಬದಲಾದ ಕ್ರಮದಲ್ಲಿ ಶೇಕಡಾ ಸುಮಾರು 2ರವರೆಗೂ ಇಂಗಾಲ ಕರಗಬಲ್ಲದು. ಹಳೆಯ ಕ್ರಮದಲ್ಲಿ 0.02ರಷ್ಟು ಹಿಡಿಸಿದರೆ ಹೆಚ್ಚು. ನಿಧಾನವಾಗಿ ತಣಿಸಿದರೆ ಮಿಕ್ಕ ಇಂಗಾಲ ಹೊರಬಂದು ಕಬ್ಬಿಣದೊಡನೆ ತೆಳುಪದರಗಳಾಗಿ ಕೂಡುತ್ತದೆ. ತಟ್ಟನೆ ನೀರಿಗೆ ಅದ್ದಿದರೆ ಹೊರಡಲು ಹೊತ್ತೇ ಇಲ್ಲ, ಒಳಗೇ ಸಿಕ್ಕಿಬೀಳುತ್ತದೆ. ಬೆಳಗಿನ ಲೋಣಾವಳ ಲೋಕಲಿನಲ್ಲಿ ನಾವು ನೀವು ಅಲುಗಾಡಬಲ್ಲೆವೆ? ಹಾಗೆಯೇ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲಾರವು. ಅದೇ ಗಡಸುತನ. ಸಿಕ್ಕಿಬೀಳುವ ಇಂಗಾಲವೇ ಕಡಿಮೆಯಿದ್ದರೆ ಗಡಸೂ ಕಡಿಮೆ. ನಮ್ಮ ಮೆಮೋದ ಮೂಲ ಇಷ್ಟು!

ನಮ್ಮೂರ ಕಮ್ಮಾರನೂ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಿದ್ದ. ಬಣ್ಣ ನೋಡಿ ಹದ ಹೇಳುತ್ತಿದ್ದ, ಏಕೆಂದು ಹೇಳಲಾರನು. ಆ 'ಏಕೆ' ಎಂಬುದನ್ನು ನಾಲ್ಕು ವರ್ಷ ಓದುವುದೇ ಈ ಪದವಿ. ನಮ್ಮವರಿಗೆ ಇದು ಪರಕೀಯ ವಿದ್ಯೆಯೇನಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಕಂಡು ಬರೆದಿಟ್ಟಿದ್ದಾನೆ. ಇಂಗ್ಲಿಷಿನ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದುದೆಂದು ಬಲ್ಲವರ ಅಭಿಪ್ರಾಯ. ವಿದ್ಯುತ್ತಿನ ಫ್ಯಾರಡೆ ಕೂಡ ತರುಣನಾಗಿದ್ದಾಗ ಆ ಉಕ್ಕಿನ ಗುಟ್ಟು ಹುಡುಕಿದವನು. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಹರಿಯತೊಡಗಿದ್ದು 1923ರಲ್ಲಿ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರದ ವಿಭಾಗ ಶುರುವಾದದ್ದೂ ಅದೇ ವರ್ಷ. ಈಗ ಸುರತ್ಕಲ್ಲಿನಲ್ಲಿಯೂ ಮುಂಬಯಿಯ ಐ.ಐ.ಟಿ.ಯಲ್ಲಿಯೂ ಈ ಓದಿದೆ.

ಮೊದಲ ವರ್ಷ ಎಲ್ಲ ಶಾಖೆಗಳಂತೆ ಗಣಿತ, ಭೌತ, ರಸಾಯನ, ಡ್ರಾಯಿಂಗು. ಆಮೇಲೆ ಉಷ್ಣಶಾಸ್ತ್ರ, ಹರಳುಗಳ ರಚನೆ, ತುಕ್ಕು, ಬಿರುಕು. ಉಷ್ಣಶಾಸ್ತ್ರದಲ್ಲಿ ಮುಗ್ಗರಿಸುವವರು ಬಹಳವಂತೆ. ನಮ್ಮ ವಿದ್ಯಾರ್ಥಿಯೂ ಒಮ್ಮೆ ಮುಗ್ಗರಿಸಿದವನೇ. ಅವನಿಗೆ ಪ್ರಿಯವಾದದ್ದು ಸೂಕ್ಷ್ಮದರ್ಶಕದ ಪ್ರಯೋಗ. ಉಕ್ಕಿನ ತುಂಡನ್ನು ಒರಟು ಎಮರಿ ಕಾಗದದಿಂದ ನಯವಾದುದರವರೆಗೆ ಒಂದೊಂದಾಗಿ ಉಜ್ಜಬೇಕು. ಕಾಗದ ಬದಲಿಸಿದಾಗಲೆಲ್ಲ ತುಂಡನ್ನು ಅಡ್ಡ ತಿರುಗಿಸಿ, ಹಿಂದಿನ ಗೀರುಗಳು ಪೂರಾ ಅಳಿಯುವವರೆಗೂ ಬಿಡಬಾರದು. ಅವಸರ ಮಾಡಿದರೆ ಕೊನೆಯಲ್ಲಿ ಒಂದು ಗೀರು ಉಳಿದು ಮತ್ತೆ ಮೊದಲಿನಿಂದ! ಕನ್ನಡಿಯಂತಾದ ಮೇಲೆ, ಸ್ಪಿರಿಟ್ಟಿನಲ್ಲಿ ತುಸು ನೈಟ್ರಿಕ್ ಆಮ್ಲ ಬೆರೆಸಿ ಕೆಲವು ಸೆಕೆಂಡು ಸವರಿ ನೋಡಿದರೆ ಆ ತೆಳುಪದರಗಳು ಹೆಬ್ಬೆರಳ ಗುರುತಿನಂತೆ ಕಾಣುತ್ತವೆ. ಅವನ ಬಳಿಯ ಫೋಟೋದಲ್ಲಿ ನಾವೂ ಕಂಡೆವು. ಇಷ್ಟು ವರ್ಷ ಅಂಕಿಯಾಗಿದ್ದ 0.45 ಅಂದು ಕಣ್ಣಿಗೆ ಬಿತ್ತು.

ಭಟ್ಟಿಯ ವಿಷಯ. ಈ ಓದು ಬರಿಯ ಭಟ್ಟಿಯದಲ್ಲ, ಅಣ್ಣನವರೇ. ಪಿಂಗಾಣಿ, ಪ್ಲಾಸ್ಟಿಕ್ಕು, ಬ್ಯಾಟರಿ ಎಲ್ಲವೂ ಇದರಲ್ಲಿವೆ. ತಾವು ಬಯಸಿದ ಕಂಪ್ಯೂಟರಿನ ಚಿಪ್ಪು ಕೂಡ ಸಿಲಿಕಾನಿನ ಒಂದು ಹರಳು. ಅದನ್ನು ಶುದ್ಧಿಮಾಡಿ ಬೆಳೆಸುವ ವಿದ್ಯೆ ಇದೇ ಶಾಖೆಯದು. ನೌಕರಿ ಖಂಡಿತವೆಂದು ನಾವು ಹೇಳಲಾರೆವು. ಇದನ್ನು ಓದಿ ಸಾಫ್ಟ್‌ವೇರಿಗೆ ಹೋದವರೂ ಇದ್ದಾರೆ. ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಲ್ಲಿ ಮುರಿದ ತುಂಡನ್ನು ನೋಡಿ ಏಕೆ ಮುರಿಯಿತೆಂದು ಹೇಳುವವರು ಬೇಕಾಗಿದ್ದಾರೆ ಎಂಬುದನ್ನಂತೂ ದಿನವೂ ಕಾಣುತ್ತೇವೆ. ತಾವು ನಿಂತ ಭಟ್ಟಿಯ ಮುಂದೆ ಮಗನು ನಿಲ್ಲಬೇಕಾಗಿ ಬಂದರೂ, ಅದರ ಶಾಖ ಎಷ್ಟಿರಬೇಕೆಂದು ಹೇಳುವವನು ಅವನಾಗಿರುತ್ತಾನೆ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ವಿದ್ಯಾರ್ಥಿ ಫೋಟೋಗಳನ್ನೂ ಉಜ್ಜಿದ ತುಂಡುಗಳನ್ನೂ ತರುತ್ತಾನೆ. ಸದಸ್ಯರು ಮಗನನ್ನು ಕರೆದುಕೊಂಡು ಬರಬೇಕು. ಫೀಜು, ವಿದ್ಯಾರ್ಥಿವೇತನ, ಹಾಸ್ಟೆಲು ಏನಿದ್ದರೂ ಅವನನ್ನೇ ಕೇಳಿ. ಬೀಗ ಒಂಬತ್ತೂವರೆಗೇ ತೆಗೆದಿರುತ್ತೇವೆ.