ಬರೆಯುವವನ ಹೊಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಯುವಕರು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಬೈಲಹೊಂಗಲದ ಹತ್ತಿ ಪೇಟೆಯನ್ನು ಬಲ್ಲ ನಮಗೆ ವ್ಯಾಪಾರವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರೈತನು ಹತ್ತಿ ತರುತ್ತಾನೆ, ದಲಾಲನು ತೂಗಿಸುತ್ತಾನೆ, ಖರೀದಿದಾರನು ಬೆಲೆ ಕಟ್ಟುತ್ತಾನೆ, ಗುಮಾಸ್ತನು ಲೆಕ್ಕ ಬರೆಯುತ್ತಾನೆ. ಇಂದು ನಮ್ಮ ಮಕ್ಕಳು ಇಂಜಿನಿಯರಿಂಗ್ ಓದಿ ಮಹಾನಗರಗಳ ಟ್ರೇಡಿಂಗ್ ಕಂಪೆನಿಗಳ ಬಾಗಿಲು ತಟ್ಟುತ್ತಿದ್ದಾರೆ. ಅಲ್ಲಿ ಕೊಳ್ಳುವ, ಮಾರುವ ಆದೇಶವನ್ನು ಇಂಜಿನಿಯರನು ಬರೆದ ಪ್ರೋಗ್ರಾಮೇ ಕಣ್ಣು ಮಿಟುಕಿಸುವುದರೊಳಗೆ ಕೊಟ್ಟು ಮುಗಿಸುತ್ತದೆ. ಸಂಬಳವೆಷ್ಟೆಂದು ನಾವೆಲ್ಲ ಕೇಳುತ್ತೇವೆ. ಕೆಲಸವೇನೆಂದು ಕೇಳುವವರು ವಿರಳ.

ಇಸ್ಲಾಮ್ ವ್ಯಾಪಾರದ ವಿರೋಧಿಯಲ್ಲ. ಪ್ರವಾದಿವರ್ಯರೂ(ಸ) ವ್ಯಾಪಾರ ಮಾಡಿದವರು. ಪವಿತ್ರ ಕುರ್‌ಆನ್ ವ್ಯಾಪಾರವನ್ನು ಸಮ್ಮತಗೊಳಿಸಿ ಬಡ್ಡಿಯನ್ನು ನಿಷೇಧಿಸಿತು (ಅಲ್ ಬಕರ: 275), ಜೂಜನ್ನು ಪೈಶಾಚಿಕ ಕೃತ್ಯಗಳ ಸಾಲಿಗೆ ಸೇರಿಸಿತು (ಅಲ್ ಮಾಇದ: 90). ತನ್ನ ಬಳಿ ಇಲ್ಲದ ವಸ್ತುವನ್ನು ಮಾರಬಾರದೆಂಬುದು ಪ್ರವಾದಿಯವರ(ಸ) ಬೋಧನೆ.

ಹತ್ತಿಯ ವ್ಯಾಪಾರದಲ್ಲಿ ರೈತನಿಗೆ ಹಣ ದೊರೆಯುತ್ತದೆ, ಗಿರಣಿಗೆ ಹತ್ತಿ ದೊರೆಯುತ್ತದೆ. ನಿಫ್ಟಿಯಂತಹ ಸೂಚ್ಯಂಕಗಳ ಆಪ್ಷನ್ ವಹಿವಾಟಿನಲ್ಲಿ ಯಾವ ಸರಕೂ ಕೈ ಬದಲಾಯಿಸುವುದಿಲ್ಲ. ಒಂದು ಅಂಕೆ ಏರುವುದೋ ಇಳಿಯುವುದೋ ಎಂಬುದರ ಮೇಲೆ ಹಣ ನಿಂತಿರುತ್ತದೆ. ಒಬ್ಬನ ಲಾಭವು ಇನ್ನೊಬ್ಬನ ನಷ್ಟ. ನಮ್ಮ ಹಿರಿಯರು ಇಂಥದ್ದನ್ನು ಸಟ್ಟಾ ಎಂದು ಕರೆಯುತ್ತಿದ್ದರು. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1992ರಲ್ಲೇ ಆಪ್ಷನ್ ಕರಾರುಗಳು ಧರ್ಮಸಮ್ಮತವಲ್ಲವೆಂದು ತೀರ್ಮಾನಿಸಿತು.

ಸೋಲುವವರು ಯಾರು? ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಇಂತಹ ವಹಿವಾಟುದಾರರಲ್ಲಿ ಶೇ. 70ಕ್ಕಿಂತ ಹೆಚ್ಚಿನವರು 30 ದೊಡ್ಡ ನಗರಗಳ ಹೊರಗಿನವರು. ಇತ್ತ ವಿದೇಶಿ ಹೂಡಿಕೆದಾರರು ಮತ್ತು ಸ್ವಂತ ಬಂಡವಾಳದ ಟ್ರೇಡಿಂಗ್ ಸಂಸ್ಥೆಗಳು ಗಳಿಸಿದ ಲಾಭದ ಶೇ. 95ಕ್ಕೂ ಹೆಚ್ಚು ಭಾಗ ಬಂದದ್ದು ಕಂಪ್ಯೂಟರ್ ಪ್ರೋಗ್ರಾಮುಗಳ ಮೂಲಕ. ಅಂದರೆ ರಾಮದುರ್ಗದ ನೇಕಾರನ ಮಗನು ಬರೆದ ಪ್ರೋಗ್ರಾಮು ಸವದತ್ತಿಯ ಅಂಗಡಿಕಾರನ ಉಳಿತಾಯವನ್ನು ಗೆದ್ದುಕೊಳ್ಳಬಹುದು. ಇಬ್ಬರಿಗೂ ಅದರ ಅರಿವಿರುವುದಿಲ್ಲ.

"ನಾನು ಕೇವಲ ಪ್ರೋಗ್ರಾಮು ಬರೆಯುವವನು" ಎಂಬ ಸಮಜಾಯಿಷಿ ಸಾಲದು. ಪ್ರವಾದಿಯವರು(ಸ) ಬಡ್ಡಿ ತಿನ್ನುವವನನ್ನೂ ಕೊಡುವವನನ್ನೂ ಶಪಿಸಿದಾಗ ಅದರ ಪತ್ರ ಬರೆಯುವವನನ್ನೂ ಸಾಕ್ಷಿಗಳನ್ನೂ ಬಿಡಲಿಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತವು (ಅಲ್ ಬಕರ: 282) ಸಾಲದ ಪತ್ರ ಬರೆಯುವವನಿಗೆ ನ್ಯಾಯದಿಂದ ಬರೆಯಲು ಆಜ್ಞಾಪಿಸುತ್ತದೆ. ಇಂದಿನ ಇಂಜಿನಿಯರನೇ ಆ ಬರಹಗಾರ.

ಹಾಗೆಂದು ವ್ಯಾಪಾರಕ್ಕೆ ಸಂಬಂಧಿಸಿದ ಸಾಫ್ಟ್‌ವೇರೆಲ್ಲ ತ್ಯಾಜ್ಯವಲ್ಲ. 2014ರಿಂದ ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ ಬಂದ ಏಕೀಕೃತ ವಿದ್ಯುನ್ಮಾನ ವೇದಿಕೆಯೂ ಸಾಫ್ಟ್‌ವೇರೇ. ಹೆಚ್ಚು ಧಾರಣೆ ನಮೂದಿಸಿದವನಿಗೆ ರೈತನ ಮಾಲು ಸಲ್ಲುವಂತೆ ಮಾಡುವುದು ಪುಣ್ಯದ ಕೆಲಸ.

ಆದ್ದರಿಂದ ಯುವಕರೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿರಿ: ನಿಜವಾದ ಸರಕಿದೆಯೇ? ಬಡ್ಡಿಯಿದೆಯೇ? ನಷ್ಟ ಯಾರ ತಲೆಗೆ? ಪಾಲಕರೇ, ಮಗನು ಇಂತಹ ನೌಕರಿಯನ್ನು ಬಿಟ್ಟು ಬಂದರೆ ಹೀಯಾಳಿಸದಿರಿ. ಅವನಿಗೆ ಬೇರೆ ದಾರಿ ಹುಡುಕಿಕೊಡುವುದು ಜಮಾಅತಿನ ಹೊಣೆ. ಮಸೀದಿಗಳಲ್ಲಿ ನಮಾಝಿನ ನಿಯಮಗಳೊಂದಿಗೆ ವ್ಯವಹಾರದ ನಿಯಮಗಳನ್ನೂ ಕಲಿಸೋಣ.

ಅಲ್ಲಾಹನು ನಮಗೆಲ್ಲ ಹಲಾಲ್ ಸಂಪಾದನೆಯನ್ನು ಅನುಗ್ರಹಿಸಲಿ. ಆಮೀನ್.