ಕಾರಣದಂತೆ ಕಾಣುವ ಕಾರಣ

ಕಾರಣದಂತೆ ತೋರಿ, ತೀರ್ಮಾನವನ್ನು ಮಾತ್ರ ಸಾಧಿಸಲಾರದ ಹೇತುವನ್ನು ಭಾರತೀಯ ತರ್ಕಶಾಸ್ತ್ರ ಹೇತ್ವಾಭಾಸ ಎಂದು ಕರೆಯುತ್ತದೆ. ಗೌತಮನ ನ್ಯಾಯಸೂತ್ರ ಇದರ 5 ಬಗೆಗಳನ್ನು ಹೇಳುತ್ತದೆ. ದಿನನಿತ್ಯದ ಮಾತಿನಲ್ಲಿ ಹೆಚ್ಚು ನುಸುಳುವುದು ಮೊದಲನೆಯದಾದ ಸವ್ಯಭಿಚಾರ. ಇಲ್ಲಿ ಕೊಟ್ಟ ಕಾರಣ, ತೀರ್ಮಾನ ನಿಜವಾದಲ್ಲೂ ಇರುತ್ತದೆ, ಸುಳ್ಳಾದಲ್ಲೂ ಇರುತ್ತದೆ. ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು. ಬೆಂಕಿ ಕಂಡಲ್ಲೆಲ್ಲ ಹೊಗೆಯನ್ನು ಊಹಿಸಿದರೆ ಕೆಂಪಗೆ ಕಾದ ಕಬ್ಬಿಣದ ಗುಂಡು ಆ ವಾದವನ್ನು ಮುರಿಯುತ್ತದೆ.

“ಅಜ್ಜ ದಿನವೂ ಬೀಡಿ ಸೇದಿ ತೊಂಬತ್ತು ದಾಟಿದರು, ಅದರಿಂದ ಏನೂ ಆಗುವುದಿಲ್ಲ” ಎಂಬ ಮಾತು ಇನ್ನೂ ಅಪಾಯಕಾರಿ. ಬದುಕುಳಿದವರು ಕಣ್ಣೆದುರಿಗಿರುತ್ತಾರೆ, ಐವತ್ತಕ್ಕೇ ತೀರಿಕೊಂಡವರು ಉದಾಹರಣೆಗೆ ಸಿಗುವುದೇ ಇಲ್ಲ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ವೈದ್ಯರ ಧೂಮಪಾನದ ಬಗ್ಗೆಯೇ ಅಧ್ಯಯನ ಆರಂಭಿಸಿದರು. 50 ವರ್ಷಗಳ ಅವಲೋಕನದಲ್ಲಿ, ಸಿಗರೇಟು ಬಿಡದವರ ಆಯುಸ್ಸು ಸರಾಸರಿ ಸುಮಾರು 10 ವರ್ಷ ಕಡಿಮೆಯೆಂದು ಕಂಡಿತು. ಒಬ್ಬ ಅಜ್ಜನ ದೀರ್ಘಾಯುಷ್ಯ ಈ ಸರಾಸರಿಯನ್ನು ಅಲ್ಲಗಳೆಯದು. ಹುಡುಗರ ಕೈಗೆ ಬೀಡಿ ಕೊಡುವ ಇಂಥ ವಾದವನ್ನು ಮನೆಯಲ್ಲೇ ತಡೆಯಬೇಕು.

ತಾಯತ ಕಟ್ಟಿದ ಮೇಲೆ ಜ್ವರ ಇಳಿಯಿತು ಎಂಬುದೂ ಹೀಗೆಯೇ. ಸಾಮಾನ್ಯ ವೈರಲ್ ಜ್ವರ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ತಾಯತ ಕಟ್ಟದವರಿಗೂ ಇಳಿದಿದೆಯೇ ಎಂದು ಕೇಳಿದರೆ ಕಾಕತಾಳೀಯ ಬಯಲಾಗುತ್ತದೆ.

ಕೆಲವು ದೋಷಗಳು ಕಾರಣದಲ್ಲಲ್ಲ, ವಾದಿಸುವವರ ಉದ್ದೇಶದಲ್ಲಿರುತ್ತವೆ. ಎದುರಿನವರ ಮಾತಿಗೆ ಅವರು ಉದ್ದೇಶಿಸದ ಅರ್ಥ ಹಚ್ಚಿ ಖಂಡಿಸುವುದು ಛಲ. ತನ್ನದೊಂದು ನಿಲುವನ್ನು ಸ್ಥಾಪಿಸದೆ ಇನ್ನೊಬ್ಬರದನ್ನು ಕೆಡವುವುದಷ್ಟೇ ವಿತಂಡ.